ಯಾರ ಜೊತೆಯಲ್ಲಿ ಬಂದೆ?



ಶ್ರೀಹರಿವಾಯುಗುರುಗಳ ಸ್ಮರಣೆಯೊಂದಿಗೆ ಈ ವಸಂತಮಾಸದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ಚೈತ್ರ ವೈಶಾಖಗಳೆರಡೂ ಸೇರಿ ವಸಂತ ಋತು. ವೇದಕಾಲದಲ್ಲಿ ಈ ಎರಡು ಮಾಸಗಳಿಗೆ ಮಧು, ಮಾಧವ ಎಂಬ ಹೆಸರುಗಳಿದ್ದವು. ನಮ್ಮ ಸಂಪ್ರದಾಯದಲ್ಲಿ ಚೈತ್ರಕ್ಕೆ ವಿಷ್ಣುರೂಪವೂ ವೈಶಾಖಕ್ಕೆ ಮಧುಸೂದನರೂಪವೂ ನಿಯಾಮಕವೆಂದು ತಿಳಿದು, ಸಂಕಲ್ಪದಲ್ಲಿ ಹಾಗೆಯೇ ಹೇಳುತ್ತೇವೆ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ಋತುಗಳ ಪೈಕಿ ವಸಂತವನ್ನು ತನ್ನ ವಿಭೂತಿಯೆಂದು ಎಣಿಸಿರುವನು. ಹಾಗೆಂದು ವಸಂತವೇ ದೇವರೆಂದು ಅರ್ಥವಲ್ಲ. ಜಡವಾದ ಕಾಲವೆಲ್ಲಿ, ಸರ್ವಸ್ವತಂತ್ರನಾದ ಶ್ರೀಹರಿಯೆಲ್ಲಿ! ವಸಂತದಲ್ಲಿ ವಿಶೇಷ ಸನ್ನಿಧಾನದಿಂದಿದ್ದು, ಅದಕ್ಕೆ ಉಳಿದ ಋತುಗಳಿಗಿಂತ ಮಿಗಿಲಾದ ಶೋಭೆಯನ್ನು ಕೊಡತಕ್ಕವನು ಅವನು ಎಂಬುದೇ ನಮ್ಮ ಸಿದ್ಧಾಂತಕ್ಕೆ ಒಪ್ಪುವ ಅರ್ಥ.

ಈ ಮಾತನ್ನು ಪಾಠಶಾಲೆಯಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಓದಿದ್ದು ಮನಸ್ಸಿಗೆ ಇಳಿದದ್ದು ಕಳೆದ ಸುಗ್ಗಿ ತಿಂಗಳ ಕೊನೆಯ ವಾರದಲ್ಲಿ, ಬಿಸುವಿಗೆ ಇನ್ನೂ ಐದು ದಿನಗಳಿದ್ದಾಗ, ಒಂದು ಕಾಲುದಾರಿಯ ಮೇಲೆ. ಆ ಸಂಗತಿಯನ್ನೇ ಇಲ್ಲಿ ನಿವೇದಿಸುತ್ತೇನೆ.

ನನ್ನ ತಂದೆಯವರು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಪೂಜೆಯ ಕೈಂಕರ್ಯ ನಡೆಸಿದವರು. ಮೂರು ವರ್ಷಗಳ ಹಿಂದೆ ಗ್ಲಾಕೋಮಾ ರೋಗದಿಂದ ಅವರ ಎರಡು ಕಣ್ಣುಗಳ ದೃಷ್ಟಿಯೂ ಹೋಯಿತು. ಈ ರೋಗದಲ್ಲಿ ಒಮ್ಮೆ ಕಳೆದುಹೋದ ದೃಷ್ಟಿ ಮರಳಿ ಬರುವುದಿಲ್ಲವೆಂದು ವೈದ್ಯರು ಹೇಳಿದರು. ಅಂದಿನಿಂದ ಪೂಜೆ ನನ್ನ ಪಾಲಿಗೆ ಬಂತು. ತಂದೆಯವರು ಜಗಲಿಯ ಕಂಬಕ್ಕೆ ಒರಗಿ ಕುಳಿತು ಮಂತ್ರ ಹೇಳುವುದನ್ನು ಮಾತ್ರ ಉಳಿಸಿಕೊಂಡರು. ಅವರಿಗೆ ಬಾಲ್ಯದಿಂದ ಒಂದು ನಿಯಮವಿತ್ತು. ವರ್ಷಕ್ಕೊಮ್ಮೆ ವಸಂತದಲ್ಲಿ ಕಟಪಾಡಿಯ ಕಡೆಯಿಂದ ಶಂಕರಪುರದ ಮೂಲಕ ಒಳದಾರಿ ಹಿಡಿದು, ಕುಂಜಾರುಗಿರಿಯನ್ನು ಹತ್ತಿ ಶ್ರೀದುರ್ಗೆಯ ದರ್ಶನ ಮಾಡಿ, ಆಚೆ ಇಳಿದು ಪಾಜಕಕ್ಕೆ ಹೋಗುವುದು. ದೃಷ್ಟಿ ಹೋದ ಮೇಲೆ ಎರಡು ವರ್ಷ ಆ ನಿಯಮ ತಪ್ಪಿತ್ತು. ಈ ಸಲ ಒಂದು ರಾತ್ರಿ ಊಟದ ಎಲೆಯ ಮುಂದೆ ಅವರು, "ಒಮ್ಮೆ ಪಾಜಕಕ್ಕೆ ಕರೆದುಕೊಂಡು ಹೋಗುತ್ತೀಯಾ?" ಎಂದರು.

"ಅದಕ್ಕೇನು, ಕಾರಿನಲ್ಲಿ ಹೋದರೆ ಬೆಳಗಿನ ಫಲಾಹಾರಕ್ಕೆ ಮನೆಯಲ್ಲಿರಬಹುದು" ಎಂದೆ ನಾನು.

"ಕಾರಿನಲ್ಲಿ ಹೋದರೆ ಪಾಜಕಕ್ಕೆ ಹೋದಂತಾಗುತ್ತದೆ. ನನಗೆ ದಾರಿಗೂ ಹೋಗಬೇಕಾಗಿದೆ" ಎಂದರು ಅವರು.

ನಿಜ ಹೇಳಬೇಕಾದರೆ ನನಗೆ ಬೇಸರವೇ ಆಯಿತು. ಕಾಣದ ದಾರಿಯನ್ನು ನಡೆದು ಇವರಿಗೆ ಆಗಬೇಕಾದುದೇನು ಎಂದುಕೊಂಡೆ. ಆದರೂ ಒಪ್ಪಿದೆ. ಬೆಳಗಿನ ಜಾವದಲ್ಲಿ ಶಂಕರಪುರದವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ನಡೆಯತೊಡಗಿದೆವು.

ಶಂಕರಪುರವೆಂದರೆ ಮಲ್ಲಿಗೆಯ ಊರು. ಉಡುಪಿ ಮಲ್ಲಿಗೆಯೆಂದು ಪ್ರಸಿದ್ಧವಾದ ಹೂವಿಗೆ ಈ ಪ್ರದೇಶವೇ ನೆಲೆ. ಸೂರ್ಯೋದಯಕ್ಕೆ ಮುಂಚೆಯೇ ಮೊಗ್ಗುಗಳನ್ನು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಪೇಟೆಗೆ ಕಳುಹಿಸುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಬ್ಬುಗತ್ತಲಿನಲ್ಲಿ ಮನೆಮನೆಯ ಅಂಗಳದ ಗಿಡಗಳ ನಡುವೆ ಸಣ್ಣ ದೀಪಗಳು ಅಲುಗಾಡುತ್ತಿದ್ದವು. ತಂದೆಯವರು ಒಂದು ಬೇಲಿಯ ಬಳಿ ನಿಂತು ದೀರ್ಘವಾಗಿ ಉಸಿರೆಳೆದುಕೊಂಡರು. "ಇಲ್ಲಿ ಹೂವು ಬೆಳೆಯುವವರಲ್ಲಿ ಕ್ರೈಸ್ತರ ಮನೆಗಳು ಬಹಳ. ಅವರ ಕೈಯ ಹೂವು ನಮ್ಮ ದೇವರ ಮುಡಿಗೆ ಏರುತ್ತದೆ. ನಲವತ್ತು ವರ್ಷ ಅವರ ಹೂವಿನಿಂದ ಅಲಂಕಾರ ಮಾಡಿದೆ, ಅವರ ಹೆಸರನ್ನು ಒಂದು ದಿನವೂ ಕೇಳಲಿಲ್ಲ" ಎಂದರು. ಬೇಲಿಯಾಚೆಯಿಂದ ಒಬ್ಬ ವೃದ್ಧೆ ನಮ್ಮನ್ನು ಕಂಡು, ಏನೂ ಕೇಳದೆಯೇ ಒಂದು ಹಿಡಿ ಮೊಗ್ಗನ್ನು ಎಲೆಯಲ್ಲಿಟ್ಟು ಕೊಟ್ಟಳು. ಹಣ ಕೊಡಹೋದರೆ ಬೇಡವೆಂದಳು. ತಂದೆಯವರು ಆಗ ಆಕೆಯ ಹೆಸರನ್ನು ಕೇಳಿ ತಿಳಿದುಕೊಂಡರು.

ಮುಂದೆ ಗದ್ದೆಗಳ ಹುಣಿಯ ಮೇಲೆ ದಾರಿ. ನಮ್ಮ ಕರಾವಳಿಯಲ್ಲಿ ಗದ್ದೆಗಳಿಗೆ ಬೈಲು, ಮಜಲು, ಬೆಟ್ಟು ಎಂದು ಮೂರು ಅಂತಸ್ತುಗಳಿರುವುದು ತಮಗೆ ತಿಳಿದೇ ಇದೆ. ತಗ್ಗಿನ ಬೈಲಿನಲ್ಲಿ ನೀರಿದ್ದರೆ ಏಣಿಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಒಂದು ಮಜಲಿನಲ್ಲಿ ಉದ್ದಿನ ಗಿಡಗಳನ್ನು ಕಿತ್ತು ಒಣಹಾಕಿದ್ದರು. ಬಿಸುಕಣಿಗೆ ಇಡುವ ಸೌತೆಯ ಬಳ್ಳಿ ಇನ್ನೊಂದರಲ್ಲಿ ಹರಡಿತ್ತು. ನಡುನಡುವೆ ವರ್ಷಗಳಿಂದ ಉಳುಮೆ ಕಾಣದೆ ಹುಲ್ಲು ಬೆಳೆದ ಗದ್ದೆಗಳೂ ಇದ್ದವು. ಅವುಗಳ ವಿಷಯವನ್ನು ನಾನು ತಂದೆಯವರಿಗೆ ಹೇಳಲಿಲ್ಲ. ಆದರೆ ಅವರ ಕಾಲಿಗೆ ತಿಳಿಯಿತು. "ಇಲ್ಲಿ ಹುಣಿ ಜರಿದಿದೆ. ಕಟ್ಟುವವರು ಊರಿನಲ್ಲಿಲ್ಲವೆಂದು ತೋರುತ್ತದೆ" ಎಂದಷ್ಟೇ ಹೇಳಿ ಮುಂದೆ ನಡೆದರು.

ಗದ್ದೆ ಮುಗಿದು ಕಾಡು ಆರಂಭವಾಯಿತು. ಮುರಕಲ್ಲಿನ ನೆಲ; ಕಾಲಿಗೆ ಬಿಸಿ, ಬಾಯಿಗೆ ದಾಹ. ತಿಂಗಳುಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಮರಗಳೆಲ್ಲ ತಾಮ್ರವರ್ಣದ ಹೊಸ ಚಿಗುರನ್ನು ಹೊತ್ತು ನಿಂತಿದ್ದವು. ಗೇರಿನ ಮರದ ಕೆಳಗೆ ಹಣ್ಣು ಬಿದ್ದು ಹುಳಿವಾಸನೆ ಎದ್ದಿತ್ತು. ಸಜ್ಜನರೇ, ಇದೊಂದು ವಿಚಾರಮಾಡತಕ್ಕ ಸಂಗತಿ. ನಮ್ಮ ಕಾಡಿನ ಅನೇಕ ಮರಗಳು ಚಿಗುರುವುದು ಮಳೆ ಬಂದ ಮೇಲಲ್ಲ. ಬೇಸಗೆಯ ಒಣದಿನಗಳಲ್ಲಿಯೇ, ಮಳೆಗೆ ಇನ್ನೂ ಒಂದೆರಡು ತಿಂಗಳಿರುವಾಗಲೇ. ಆಳಕ್ಕೆ ಇಳಿದ ಬೇರಿನಲ್ಲಿಯೂ ಕಾಂಡದಲ್ಲಿಯೂ ಕೂಡಿಟ್ಟ ನೀರನ್ನು ಅವು ಆ ಹೊತ್ತಿನಲ್ಲಿ ವೆಚ್ಚಮಾಡುತ್ತವೆ. ಮೇಲೆ ನೋಡಿದರೆ ಆಕಾಶ ಬರಿದು, ಕೆಳಗೆ ನೋಡಿದರೆ ನೆಲ ಬರಿದು. ಆದರೂ ಕೊಂಬೆಯಲ್ಲಿ ಎಳೆಯ ಎಲೆ! ಸೌಖ್ಯ ಬಂದ ಮೇಲೆ ದೇವರನ್ನು ಕೊಂಡಾಡುವುದು ಎಲ್ಲರಿಗೂ ಸಾಧ್ಯ. ಬರಗಾಲದಲ್ಲಿ ಚಿಗುರುವುದಕ್ಕೆ ಮಾತ್ರ ಮೊದಲೇ ಆಳಕ್ಕೆ ಇಳಿದಿರಬೇಕು.

ಕಾಡಿನೊಳಗೆ ಅರ್ಧ ಗಳಿಗೆ ನಡೆದಿರಬಹುದು, ದಾರಿ ತಪ್ಪಿತು. ನಾನು ಕಂಡಿದ್ದ ದಾರಿ ಅಲ್ಲಿರಲಿಲ್ಲ. ಕಲ್ಲು ತೆಗೆದ ಹೊಂಡವೊಂದು ಅಡ್ಡ ಬಂದಿತ್ತು. ಅದರಾಚೆ ಪೊದೆ ಬೆಳೆದಿತ್ತು. ಬಿಸಿಲು ಏರುತ್ತಿತ್ತು. ನನಗೆ ಸಿಟ್ಟು ಬಂತು. "ಅದಕ್ಕೇ ಹೇಳಿದೆ, ಕಾರಿನಲ್ಲಿ ಹೋಗೋಣವೆಂದು. ಕಣ್ಣಿಲ್ಲದವರಿಗೆ ಈ ಹಟ ಏಕೆ?" ಎಂದುಬಿಟ್ಟೆ. ಮಾತು ಬಾಯಿಂದ ಹೊರಟ ಮೇಲೆ ಅದರ ಕಠೋರತೆ ನನಗೇ ಕೇಳಿಸಿತು. ತಂದೆಯವರು ಉತ್ತರ ಕೊಡಲಿಲ್ಲ. "ಇಲ್ಲಿಯೇ ನಿಂತಿರಿ, ದಾರಿ ನೋಡಿ ಬರುತ್ತೇನೆ" ಎಂದು ಅವರ ಕೈಯನ್ನು ಬಿಟ್ಟು ಹೊಂಡದ ಆಚೆಗೆ ಹೋದೆ.

ಹೋದವನಿಗೆ ದಾರಿಯೂ ಸಿಕ್ಕಲಿಲ್ಲ, ಹಿಂದಿರುಗುವ ದಿಕ್ಕೂ ಬೇಗ ತಿಳಿಯಲಿಲ್ಲ. ಹತ್ತು ನಿಮಿಷವೋ ಹದಿನೈದು ನಿಮಿಷವೋ ಆಗಿರಬೇಕು. ಕುರುಡರಾದ ವೃದ್ಧರನ್ನು ಕಾಡಿನಲ್ಲಿ ಹೊಂಡದ ಅಂಚಿನಲ್ಲಿ ಒಂಟಿಯಾಗಿ ಬಿಟ್ಟು ಬಂದಿದ್ದೇನೆಂಬುದು ನೆನಪಾಗಿ ನನ್ನ ಎದೆ ನಡುಗಿತು. ಓಡಿ ಬಂದೆ. ಅವರು ನಾನು ಬಿಟ್ಟ ಜಾಗದಲ್ಲಿಯೇ, ಹೆಜ್ಜೆ ಕದಲಿಸದೆ, ಮಲ್ಲಿಗೆಯ ಎಲೆಯನ್ನು ಎರಡು ಕೈಗಳಲ್ಲಿ ಹಿಡಿದು ನಿಂತಿದ್ದರು. ತುಟಿಗಳು ಅಲುಗುತ್ತಿದ್ದವು.

"ಹೆದರಿದಿರಾ?" ಎಂದು ಕೇಳಿದೆ.

"ಒಬ್ಬನೇ ಇದ್ದರೆ ತಾನೇ ಹೆದರುವುದು?" ಎಂದರು. ಅನಂತರ, "ಎಡಗಡೆ ಜೇನಿನ ಝೇಂಕಾರ ಕೇಳುತ್ತಿದೆ, ನೋಡು. ಅದು ದೊಡ್ಡ ಸುರಗಿಯ ಮರ. ಪರಿಮಳವೂ ಬರುತ್ತಿದೆ. ಆ ಮರವನ್ನು ಎಡಕ್ಕೆ ಬಿಟ್ಟು ಏರಿದರೆ ದಾರಿ" ಎಂದರು.

ಹಾಗೆಯೇ ಆಯಿತು. ಸುರಗಿಯು ಈ ಋತುವಿನಲ್ಲಿ ಹಗಲೇರುವ ಮೊದಲು ಅರಳಿ, ಬೇಗನೆ ಉದುರುವ ಹೂವು. ಒಣಗಿದ ಮೇಲೂ ಪರಿಮಳವನ್ನು ಬಿಡದ ಹೂವು. ಮರದ ತುಂಬ ಜೇನು ಮುತ್ತಿತ್ತು. ಆ ಝೇಂಕಾರ ನನ್ನ ಕಿವಿಗೂ ಬಿದ್ದಿರಬೇಕು. ಆದರೆ ನಾನು ಕಣ್ಣಿನಿಂದ ದಾರಿ ಹುಡುಕುತ್ತಿದ್ದೆ. ಕಣ್ಣಿದೆಯೆಂಬ ಗರ್ವದಿಂದ ಉಳಿದ ನಾಲ್ಕು ಇಂದ್ರಿಯಗಳನ್ನೂ, ಜೊತೆಗಿದ್ದವರ ಅನುಭವವನ್ನೂ ಮುಚ್ಚಿಟ್ಟಿದ್ದೆ. ಅಲ್ಲಿಂದ ಮುಂದೆ ಕೈ ಹಿಡಿದವನು ನಾನೇ ಆದರೂ ದಾರಿ ತೋರಿಸಿದವರು ಅವರು.

ಕುಂಜಾರುಗಿರಿಯ ನೆತ್ತಿಯಲ್ಲಿ ಶ್ರೀದುರ್ಗೆಯ ಸನ್ನಿಧಿ. ಪರಶುರಾಮದೇವರಿಂದ ಪ್ರತಿಷ್ಠಿತಳೆಂದು ಸ್ಥಳಪುರಾಣ. ಶ್ರೀ, ಭೂ, ದುರ್ಗಾ ಎಂಬ ಮಹಾಲಕ್ಷ್ಮಿಯ ಮೂರು ರೂಪಗಳಲ್ಲಿ ಒಂದಾದ ದೇವಿಯನ್ನು ನಮಸ್ಕರಿಸಿ, ವೃದ್ಧೆ ಕೊಟ್ಟ ಮಲ್ಲಿಗೆಯನ್ನು ಸಮರ್ಪಿಸಿ, ಹೊರಗೆ ಬಂದು ಕುಳಿತೆವು. ತಂದೆಯವರು, "ಈಗ ಕೆಳಗೆ ಏನು ಕಾಣುತ್ತದೆ, ಹೇಳು" ಎಂದರು. ತೆಂಗಿನ ತಲೆಗಳು, ಅವುಗಳ ನಡುವೆ ಹೆಂಚಿನ ಮಾಡುಗಳು, ಕೊಯ್ಲಾದ ಗದ್ದೆಗಳ ಹಳದಿ, ಎಲ್ಲಿಯೋ ಒಂದು ಕಡೆ ಎಲೆ ಸುಡುವ ಹೊಗೆ, ಪಡುವಣದಲ್ಲಿ ಬಿಳಿಯ ಗೆರೆಯಂತೆ ಸಮುದ್ರ. ಒಂದೊಂದನ್ನಾಗಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅವು ಮೊದಲ ಸಲ ಕಂಡಂತಾಯಿತು. ಎಷ್ಟು ಸಲ ಈ ಬೆಟ್ಟಕ್ಕೆ ಬಂದಿರಲಿಲ್ಲ! ಇನ್ನೊಬ್ಬರಿಗಾಗಿ ನೋಡುವವರೆಗೂ ನಾನು ನೋಡಿರಲೇ ಇಲ್ಲ.

ಇಳಿಜಾರಿನ ದಾರಿ ತಣ್ಣಗಿನ ಪಾಜಕದ ಕಣಿವೆಗೆ ಇಳಿಯುತ್ತದೆ. ಉಡುಪಿಯಿಂದ ಸುಮಾರು 12 ಕಿಲೋಮೀಟರು ದೂರದ ಈ ಸಣ್ಣ ಹಳ್ಳಿಯಲ್ಲಿ ಕ್ರಿ.ಶ. 1238ರ ವಿಜಯದಶಮಿಯಂದು ಮಧ್ಯಗೇಹಭಟ್ಟರ ಮನೆಯಲ್ಲಿ ಶ್ರೀಮದಾಚಾರ್ಯರು ಅವತರಿಸಿದರು. ನಾರಾಯಣಪಂಡಿತಾಚಾರ್ಯರು ಹದಿನಾರು ಸರ್ಗಗಳ ಸುಮಧ್ವವಿಜಯದಲ್ಲಿ ಬಣ್ಣಿಸಿದ ಬಾಲಲೀಲೆಗಳನ್ನು ಒಮ್ಮೆ ನೆನೆಯಿರಿ. ತಾಯಿ ಮನೆಯಲ್ಲಿಲ್ಲದಾಗ ಹಸಿದ ಶಿಶುವಿಗೆ ಅಕ್ಕ ತಿನ್ನಿಸಿದ್ದು ಬೇಯಿಸಿದ ಹುರುಳಿ. ತಂದೆಯ ಸಾಲವನ್ನು ಕೇಳಲು ಬಂದು ಕುಳಿತವನಿಗೆ ಬಾಲಕನು ಕೊಟ್ಟದ್ದು ಹುಣಸೆಯ ಬೀಜ. ಮೇವಿಗೆ ಹೊರಟ ಎತ್ತಿನ ಬಾಲವನ್ನು ಹಿಡಿದು ದಿನವೆಲ್ಲ ಕಾಡಿನಲ್ಲಿ ಸುತ್ತಿ ಸಂಜೆಗೆ ಮರಳಿದ್ದು ಇನ್ನೊಂದು ಲೀಲೆ. ಹುರುಳಿ, ಹುಣಸೆ, ಎತ್ತು, ಕಾಡು! ಜಗದ್ಗುರುಗಳ ಬಾಲ್ಯಕ್ಕೆ ಇವೇ ಆಭರಣಗಳು. ಎಲ್ಲವೂ ಒಂದು ಬಡ ಕೃಷಿಕ ಬ್ರಾಹ್ಮಣನ ಅಂಗಳದಲ್ಲಿ ಸಿಕ್ಕತಕ್ಕವು. ನಾವು ಹೋದ ದಿನವೂ ದಾರಿಯ ಬದಿಯ ಹುಣಸೆಮರದ ಕೆಳಗೆ ಹಣ್ಣಾದ ಕೋಡುಗಳು ಬಿದ್ದಿದ್ದವು. ತಂದೆಯವರು ಒಂದನ್ನು ಒಡೆದು ಬೀಜವನ್ನು ನನ್ನ ಅಂಗೈಯಲ್ಲಿಟ್ಟು ನಕ್ಕರು.

ಬೆಟ್ಟದ ಸುತ್ತಲೂ ಪರಶುತೀರ್ಥ, ಧನುಸ್ತೀರ್ಥ, ಗದಾತೀರ್ಥ, ಬಾಣತೀರ್ಥಗಳೆಂಬ ನಾಲ್ಕು ತೀರ್ಥಗಳಿವೆ. ಅವುಗಳಿಗೆಲ್ಲ ನಡೆದು ಮೀಯುವ ತಾಯಿಯ ಶ್ರಮವನ್ನು ಕಂಡ ಬಾಲಕ ವಾಸುದೇವನು, ನಾಲ್ಕರ ಸನ್ನಿಧಾನವನ್ನೂ ಮನೆಯ ಮುಂದಿನ ಒಂದೇ ತೀರ್ಥದಲ್ಲಿ ಒದಗಿಸಿಕೊಟ್ಟನೆಂದು ಐತಿಹ್ಯ. ಅದೇ ವಾಸುದೇವತೀರ್ಥ. ನಾವು ಅದರಲ್ಲಿ ಮಿಂದೆವು. ಮೆಟ್ಟಿಲಿನಲ್ಲಿ ತಂದೆಯವರ ಬೆನ್ನಿಗೆ ನೀರು ಹಾಕುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ತಾಯಿಗೆ ನಡಿಗೆ ಕಷ್ಟವೆಂದು ತೀರ್ಥವನ್ನೇ ಮನೆಗೆ ತಂದ ಮಗನ ಊರಿಗೆ, ತಂದೆಗೆ ನಡಿಗೆ ಇಷ್ಟವೆಂದು ಅರ್ಧ ದಿನ ಕೊಡಲು ಬೇಸರಪಟ್ಟ ಮಗನು ಬಂದಿದ್ದಾನಲ್ಲ, ಇವನಿಗೆ ಈ ನೀರಿನಿಂದ ಏನು ಫಲ?

ಅಂಗಳದಲ್ಲಿ ಕುಳಿತಾಗ ನಾನು ಕ್ಷಮೆ ಕೇಳಿದೆ. ತಂದೆಯವರು ಅದಕ್ಕೆ ಉತ್ತರವಾಗಿ ಸುಮಧ್ವವಿಜಯದ ಮೂರನೆಯ ಸರ್ಗದ ಕಥೆಯನ್ನು ಹೇಳಿದರು. ತಾವೆಲ್ಲರೂ ಬಲ್ಲ ಕಥೆ. ಬಂಧುಗಳ ಮನೆಯ ಉತ್ಸವಕ್ಕೆ ಹೋಗಿದ್ದಾಗ ಪುಟ್ಟ ವಾಸುದೇವನು ಯಾರಿಗೂ ತಿಳಿಯದಂತೆ ಹೊರಟುಬಿಟ್ಟನು. ಮೊದಲು ಕಾಡಿನ ನಡುವಿನ ದೇವಾಲಯ, ಅಲ್ಲಿಂದ ಮುಂದಿನ ಗುಡಿ, ಕೊನೆಗೆ ರಜತಪೀಠಪುರದ ಅನಂತೇಶ್ವರ. ಗಾಬರಿಯಿಂದ ಹುಡುಕುತ್ತ ಬಂದ ತಂದೆಯು ಅಲ್ಲಿ ಮಗನನ್ನು ಕಂಡು, ಇಷ್ಟು ದೂರ ಯಾರ ಜೊತೆಯಲ್ಲಿ ಬಂದೆಯೆಂದು ಕೇಳಿದನು. ಆಯಾ ಗುಡಿಯ ಸ್ವಾಮಿಯೇ ತನ್ನ ಜೊತೆಗಿದ್ದು ಮುಂದಿನ ಗುಡಿಗೆ ಕರೆತಂದನೆಂದು ಮಗುವಿನ ಉತ್ತರ.

"ನೀನು ಕೈ ಬಿಟ್ಟು ಹೋದಾಗ ನನಗೆ ಈ ಕಥೆ ನೆನಪಾಯಿತು" ಎಂದರು ತಂದೆಯವರು. "ಮಗು ತಂದೆಯನ್ನು ಬಿಟ್ಟು ಹೋಯಿತು, ಮಗುವಿಗೆ ಹೆದರಿಕೆಯಿಲ್ಲ; ಹೆದರಿದವನು ತಂದೆ. ಇಲ್ಲಿ ಮಗನು ತಂದೆಯನ್ನು ಬಿಟ್ಟು ಹೋದ, ತಂದೆಗೆ ಹೆದರಿಕೆಯಿಲ್ಲ, ಹೆದರಿದವನು ನೀನು. ಬಿಟ್ಟುಹೋಗದ ಜೊತೆಗಾರನೊಬ್ಬನು ಇಬ್ಬರೊಳಗೂ ಇದ್ದಾನೆ."

ಸಜ್ಜನರೇ, ಬಿಂಬಪ್ರತಿಬಿಂಬಭಾವವೆಂದು ನಾವು ಪಾಠ ಹೇಳುವುದು ಇದನ್ನೇ. ಜೀವನು ಪ್ರತಿಬಿಂಬನೆಂದರೆ ಕನ್ನಡಿಯ ನೆರಳಿನಂತೆ ಸುಳ್ಳಾದವನೆಂದಲ್ಲ. ಸತ್ಯನಾಗಿದ್ದೂ ಭಗವಂತನಿಗೆ ಅಧೀನನೆಂದು, ತನ್ನ ಯೋಗ್ಯತೆಗೆ ತಕ್ಕ ಅಲ್ಪ ಸಾದೃಶ್ಯವುಳ್ಳವನೆಂದು ಅರ್ಥ. ಪ್ರತಿಯೊಬ್ಬ ಜೀವನೊಳಗೂ ಬಿಂಬರೂಪಿಯಾದ ಹರಿ ಇದ್ದಾನೆ. ಎಚ್ಚರದಲ್ಲಿ, ಕನಸಿನಲ್ಲಿ, ನಿದ್ರೆಯಲ್ಲಿ, ಗರ್ಭದಲ್ಲಿ, ಮರಣದಲ್ಲಿ ಅವನು ಜೀವನನ್ನು ಅಗಲತಕ್ಕವನಲ್ಲ. ಮುಂಡಕೋಪನಿಷತ್ತು ಒಂದೇ ಮರದ ಎರಡು ಹಕ್ಕಿಗಳ ದೃಷ್ಟಾಂತದಿಂದ ಈ ಸಖ್ಯವನ್ನೇ ತಿಳಿಸುತ್ತದೆ. ಕೊಂಬೆಯೊಂದೇ ಆದರೂ ಹಕ್ಕಿಗಳು ಎರಡು, ಜೊತೆಯಿದೆ, ಐಕ್ಯವಿಲ್ಲ. ಐಕ್ಯವಿದ್ದರೆ ಜೊತೆಯೆಂಬ ಮಾತಿಗೇ ಅರ್ಥವಿರುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ದೇವರೇ ಜೊತೆಗಿದ್ದಾನೆಂದ ಮೇಲೆ ವೃದ್ಧರನ್ನು ನಾವು ಬಿಟ್ಟು ಹೋದರೂ ಚಿಂತೆಯಿಲ್ಲವಲ್ಲ, ಅವನು ನೋಡಿಕೊಳ್ಳುತ್ತಾನೆ ಎಂದು. ಇದು ತಿರುಚಿದ ಅರ್ಥ. ಒಳಗಿನ ಸಖನನ್ನು ನೆನೆದು ನಿರ್ಭಯವಾಗಿರುವುದು ಒಂಟಿಯಾಗಿ ನಿಂತವರ ಧರ್ಮ. ಅವರನ್ನು ಒಂಟಿಯಾಗಿ ನಿಲ್ಲಿಸದಿರುವುದು ನಮ್ಮ ಧರ್ಮ. ತಂದೆಯವರ ನಂಬಿಕೆ ನನ್ನ ಅಪರಾಧವನ್ನು ಅಳಿಸುವುದಿಲ್ಲ. ತಂದೆತಾಯಿಗಳ ಸೇವೆಯೆಂದರೆ ಅವರ ಅಂತರ್ಯಾಮಿಯ ಪೂಜೆಯೆಂದು ನಾವು ತಿಳಿದವರಲ್ಲವೇ? ಗರ್ಭಗುಡಿಯಲ್ಲಿ ಪೂಜೆಯ ನಡುವೆ ಗಡಿಯಾರ ನೋಡಲು ಹಿಂಜರಿಯುವ ನಾನು, ಮೂರು ವರ್ಷಗಳಿಂದ ತಂದೆಯವರಿಗೆ ಊಟ, ಸ್ನಾನ, ಔಷಧಗಳನ್ನು ಹೊತ್ತಿಗೆ ಸರಿಯಾಗಿ ಒದಗಿಸಿ, ನಾನೇ ಇವರನ್ನು ನೋಡಿಕೊಳ್ಳುತ್ತಿದ್ದೇನೆಂಬ ಕರ್ತೃತ್ವಾಭಿಮಾನದಲ್ಲಿದ್ದೆ. ಅವರ ಜೊತೆಯಲ್ಲಿ ಕುಳಿತದ್ದು ಮಾತ್ರ ಕಡಮೆ. ನೋಡಿಕೊಳ್ಳುವುದು ಬೇರೆ, ಜೊತೆಗಿರುವುದು ಬೇರೆ. ಈ ಭೇದವನ್ನು ಆ ಕಾಡಿನ ಹೊಂಡದ ಅಂಚಿನಲ್ಲಿ ಕಲಿತೆನು.

ನಮ್ಮ ಮನೆಗಳಲ್ಲಿ ಇಂದು ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಅನೇಕರು ಸಮುದ್ರದಾಚೆಗೂ ಹೋಗಿದ್ದಾರೆ. ಉದ್ಯೋಗಕ್ಕೆ ಹೋಗುವುದನ್ನು ದೋಷವೆಂದು ನಾನು ಹೇಳುವುದಿಲ್ಲ. ಊರಿನಲ್ಲಿಯೇ ಇದ್ದು, ಒಂದೇ ಸೂರಿನ ಕೆಳಗೆ ತಂದೆಯವರಿಂದ ದೂರವಿದ್ದವನು ನಾನು. ಇನ್ನೊಬ್ಬರಿಗೆ ಹೇಳುವ ಅಧಿಕಾರ ನನಗಿಲ್ಲ. ಬಿನ್ನಹ ಇಷ್ಟೇ. ರಾಮನವಮಿಯ ಪಾನಕ ಕೋಸಂಬರಿಗೋ, ವೈಶಾಖದ ವಸಂತಪೂಜೆಗೋ ಊರಿಗೆ ಬಂದಾಗ, ಮನೆಯ ಹಿರಿಯರಿಗೆ ಪ್ರಿಯವಾದ ಒಂದು ದಾರಿ ಇದ್ದೇ ಇರುತ್ತದೆ. ಅದು ಪಾಜಕವೇ ಆಗಬೇಕೆಂದಿಲ್ಲ. ತೋಟದ ಕೊನೆಯ ಮಾವಿನಮರದವರೆಗಿನ ಇಪ್ಪತ್ತು ಹೆಜ್ಜೆಯಾದರೂ ಆದೀತು. ಅವರ ನಡಿಗೆಯ ವೇಗಕ್ಕೆ ನಿಮ್ಮ ಕಾಲನ್ನು ಹೊಂದಿಸಿ ಅವರೊಡನೆ ನಡೆಯಿರಿ. ಅವರ ಕಣ್ಣಿಗೆ ಕಾಣದುದನ್ನು ನೀವು ಹೇಳಿರಿ. ನಿಮ್ಮ ಕಿವಿಗೆ ಕೇಳದುದನ್ನು ಅವರು ಹೇಳುತ್ತಾರೆ.

ಮರಳುವಾಗ ಪಾಜಕದಿಂದ ಕಾರನ್ನು ಗೊತ್ತುಮಾಡೋಣವೆಂದು ತಂದೆಯವರೇ ಹೇಳಿದರು. ಅವರ ಮೊಣಕಾಲು ನೋಯುತ್ತಿತ್ತು. ಮನೆ ತಲುಪಿದಾಗ ಜಗಲಿಯಲ್ಲಿ ಕಾಯುತ್ತಿದ್ದ ತಾಯಿಯವರು, "ಅಷ್ಟು ದೂರ ಹೇಗೆ ನಡೆದಿರಿ? ಯಾರು ಹಿಡಿದುಕೊಂಡರು?" ಎಂದು ಕೇಳಿದರು. ತಂದೆಯವರು ಕಾಲು ತೊಳೆಯುತ್ತ, "ಹೊರಗಿನಿಂದ ಮಗ ಹಿಡಿದುಕೊಂಡಿದ್ದ" ಎಂದರು. ಒಳಗಿನಿಂದ ಯಾರೆಂಬುದನ್ನು ಅವರು ಹೇಳಲಿಲ್ಲ. ತಾಯಿಯವರು ಕೇಳಲೂ ಇಲ್ಲ.

ಆ ಹುಣಸೆಯ ಬೀಜವನ್ನು ದೇವರ ಪೆಟ್ಟಿಗೆಯ ಬದಿಯಲ್ಲಿಟ್ಟಿದ್ದೇನೆ. ತೀರಿಸಲಾಗದ ಸಾಲವೊಂದಿದೆಯೆಂಬುದನ್ನು ಪ್ರತಿದಿನ ಪೂಜೆಗೆ ಕುಳಿತಾಗ ಅದು ನೆನಪುಮಾಡುತ್ತದೆ.

ವಸಂತಕ್ಕೆ ಶೋಭೆಯನ್ನಿತ್ತು, ಜೀವರೊಡನೆ ಸಖನಾಗಿ ನಡೆಯತಕ್ಕ ಮಧ್ವಾಂತರ್ಗತ ಶ್ರೀಹರಿಯು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.

ಶ್ರೀಕೃಷ್ಣಾರ್ಪಣಮಸ್ತು.